ದಾವಣಗೆರೆಯ ಮಾಪಕ, ನಮ್ಮ ಮನೆಯ ಹೊಗೆ

ಕಾರ್ತಿಕ ಮಾಸದ ಬೆಳಗಿನ ಜಾವದಲ್ಲಿ ಚನ್ನಗಿರಿ ಸೀಮೆಯ ತೋಟದ ಹಳ್ಳಿಗಳಿಗೆ ಹೋದವರು ಒಂದು ದೃಶ್ಯವನ್ನು ಕಂಡಿರುತ್ತಾರೆ. ಅಡಿಕೆ ಮರಗಳ ಬುಡದಿಂದ ನಡುಮಟ್ಟದವರೆಗೆ ನಸುನೀಲಿ ಬಣ್ಣದ ತೆಳುವಾದ ಪದರವೊಂದು ಅಲುಗಾಡದೆ ನಿಂತಿರುತ್ತದೆ. ದೂರದಿಂದ ಮಂಜಿನಂತೆ ತೋರುವ ಅದು ಹತ್ತಿರ ಹೋದಂತೆ ವಾಸನೆಯಿಂದ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಹಿಂದಿನ ರಾತ್ರಿ ಅಡಿಕೆ ಬೇಯಿಸಿದ ಒಲೆಗಳ ಹೊಗೆ, ರಸ್ತೆಯ ಬದಿಯಲ್ಲಿ ರಾಶಿ ಬಿದ್ದು ಒಳಗೊಳಗೇ ಕನಲುತ್ತಿರುವ ಅಡಿಕೆ ಸಿಪ್ಪೆಯ ಹೊಗೆ, ಆಗಷ್ಟೇ ಹೊತ್ತಿಸಿದ ಬಚ್ಚಲೊಲೆಗಳ ಹೊಗೆ, ಮೂರೂ ಅದರಲ್ಲಿ ಬೆರೆತಿರುತ್ತವೆ. ಅದೇ ಹೊತ್ತಿನಲ್ಲಿ ಮನೆಯೊಳಗೆ ಹಿರಿಯರು ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು, ದೀರ್ಘವಾಗಿ ಉಸಿರನ್ನು ಒಳಗೆಳೆದುಕೊಳ್ಳುತ್ತಿರುತ್ತಾರೆ. ಪೂಜೆಗೆ ಪ್ರಶಸ್ತವೆಂದು ನಮ್ಮ ಹಿರಿಯರು ಆರಿಸಿಕೊಂಡ ಹೊತ್ತೇ ನೆಲಮಟ್ಟದ ಗಾಳಿ ಅತಿ ಕೊಳಕಾಗಿರುವ ಹೊತ್ತೂ ಆಗಿಬಿಟ್ಟಿದೆ.

ಇದಕ್ಕೆ ಕಾರಣ ಸರಳವಾದದ್ದು. ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ ಕೆಳಗೇ ಉಳಿಯುತ್ತದೆ. ಅದರ ಮೇಲಿನ ಬೆಚ್ಚಗಿನ ಗಾಳಿಯು ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಂತೆ ಮುಚ್ಚಿಕೊಳ್ಳುತ್ತದೆ. ಬಿಸಿಲೇರಿ ನೆಲ ಕಾಯುವವರೆಗೆ ಹೊಗೆಗೆ ಮೇಲಕ್ಕೆ ದಾರಿಯಿಲ್ಲ. ಮಳೆಗಾಲದಲ್ಲಿ ಅದೇ ಒಲೆ, ಅದೇ ಸೌದೆ ಇದ್ದರೂ ಹೀಗೆ ಹೊಗೆ ನಿಲ್ಲುವುದು ಕಡಿಮೆ. ಗಾಳಿ ಅದನ್ನು ಚದುರಿಸುತ್ತದೆ, ಮಳೆ ತೊಳೆಯುತ್ತದೆ.

ವಾಯುಮಾಲಿನ್ಯವೆಂದರೆ ದೆಹಲಿಯ ಮಾತು, ಹೆಚ್ಚೆಂದರೆ ಬೆಂಗಳೂರಿನ ಮಾತು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಕೇಂದ್ರ ಸರ್ಕಾರವು 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ ಅದರ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿದ್ದವು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ಸತತವಾಗಿ ಐದು ವರ್ಷ ರಾಷ್ಟ್ರೀಯ ಮಾನದಂಡವನ್ನು ಮೀರಿದ ನಗರಗಳು ಈ ಪಟ್ಟಿಗೆ ಸೇರುತ್ತವೆ. ಹತ್ತಿಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ಊರಿನ ಗಿರಣಿಗಳು ಮುಚ್ಚಿದ ಮೇಲೆಯೂ ಗಾಳಿ ತಿಳಿಯಾಗಲಿಲ್ಲ. ರಸ್ತೆಯ ಧೂಳು, ವಾಹನ, ಕಟ್ಟಡ ಕಾಮಗಾರಿ, ಕಸಕ್ಕೆ ಬೆಂಕಿ ಇವೆಲ್ಲ ಸೇರಿವೆ. ಮಂಡಕ್ಕಿ ಭಟ್ಟಿಗಳಲ್ಲಿ ಹಳೆಯ ಟೈರುಗಳನ್ನು ಉರಿಸುತ್ತಾರೆಂಬ ದೂರಂತೂ ಬಹುಕಾಲದ್ದು. ಜಿಲ್ಲಾಕೇಂದ್ರದ ಸ್ಥಿತಿ ಇದಾದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸ್ಥಿತಿ ಏನು? ಕೇಂದ್ರ ಮಂಡಳಿಗೆ ನಿರಂತರವಾಗಿ ಅಂಕಿ ಕಳುಹಿಸುವ ಕೇಂದ್ರಗಳ ಪಟ್ಟಿಯಲ್ಲಿ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಹೆಸರಿದೆ. ಈ ನಾಲ್ಕು ಊರುಗಳ ಹೆಸರಿಲ್ಲ. ಅಂಕಿ ಇಲ್ಲದಿರುವುದನ್ನೇ ನಾವು ಗಾಳಿ ಶುದ್ಧವಾಗಿರುವುದಕ್ಕೆ ಪ್ರಮಾಣವೆಂದು ತಿಳಿದುಕೊಂಡಿದ್ದೇವೆ. ಈ ತಿಂಗಳ ಪಾಠ ಆ ತಪ್ಪು ತಿಳಿವಳಿಕೆಯನ್ನು ಕುರಿತದ್ದು.

ಮೊದಲು ಅಂಕಿಗಳು ಹೇಗೆ ಹುಟ್ಟುತ್ತವೆಂಬುದನ್ನು ತಿಳಿಯೋಣ. ಗಾಳಿಯಲ್ಲಿ ತೇಲುವ ಕಣಗಳನ್ನು ಅವುಗಳ ಗಾತ್ರದಿಂದ ಹೆಸರಿಸುತ್ತಾರೆ. ಹತ್ತು ಮೈಕ್ರಾನ್‌ಗಿಂತ ಚಿಕ್ಕವು ಪಿಎಂ 10. ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕವು ಪಿಎಂ 2.5. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಎಂಬುದನ್ನು ನೆನೆದರೆ ಇವುಗಳ ಸೂಕ್ಷ್ಮತೆ ಅರಿವಾಗುತ್ತದೆ. ಧೂಳಿನ ದಪ್ಪ ಕಣಗಳು ಬಹುಮಟ್ಟಿಗೆ ಮೂಗು, ಗಂಟಲುಗಳಲ್ಲಿ ಸಿಕ್ಕಿ ಸೀನು, ಕೆಮ್ಮು, ಕಫಗಳೊಡನೆ ಹೊರಬೀಳುತ್ತವೆ. ಹೊಗೆಯ ಕಣಗಳು ಹೆಚ್ಚಾಗಿ ಎರಡನೆಯ ಜಾತಿಯವು. ಅವು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತವೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಆದುದರಿಂದಲೇ ಹೊಗೆಯು ಕೆಮ್ಮು ದಮ್ಮುಗಳಿಗೆ ಮಾತ್ರವಲ್ಲದೆ ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಕಾರಣಗಳಲ್ಲೊಂದಾಗಿದೆ.

ಅಳೆಯುವ ವಿಧಾನಗಳು ಮುಖ್ಯವಾಗಿ ಎರಡು. ಹಳೆಯ ವಿಧಾನದಲ್ಲಿ ಯಂತ್ರವೊಂದು 24 ಗಂಟೆ ಗಾಳಿಯನ್ನು ಸೋಸುಕಾಗದದ ಮೂಲಕ ಎಳೆಯುತ್ತದೆ. ಕಾಗದವನ್ನು ಮೊದಲೂ ಆಮೇಲೂ ತೂಗಿ, ಹೆಚ್ಚಿದ ತೂಕದಿಂದ ಕಣಗಳ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ಅಳತೆಗಳು. ಉಳಿದ ಇನ್ನೂರ ಅರವತ್ತು ಚಿಲ್ಲರೆ ದಿನಗಳ ಗಾಳಿಗೆ ಸಾಕ್ಷಿಯಿಲ್ಲ. ಹೊಸ ವಿಧಾನದಲ್ಲಿ ಸೋಸುಪಟ್ಟಿಯ ಮೇಲೆ ಕೂತ ಕಣಗಳ ಮೂಲಕ ಬೀಟಾ ಕಿರಣಗಳನ್ನು ಹಾಯಿಸಿ, ಅವು ಎಷ್ಟು ಕ್ಷೀಣಿಸಿದವೆಂಬುದರಿಂದ ಯಂತ್ರವೇ ಹಗಲಿರುಳೂ ಅಳೆಯುತ್ತದೆ. ಆ ಅಂಕಿಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಅಲ್ಲಿ ಕಾಣುವ ಒಂದೇ ಒಂದು ಸಂಖ್ಯೆಗೆ ವಾಯು ಗುಣಮಟ್ಟ ಸೂಚ್ಯಂಕವೆಂದು ಹೆಸರು. ದೇಶದಲ್ಲಿ ಇದು 2015ರಲ್ಲಿ ಬಳಕೆಗೆ ಬಂದಿತು. 50ರವರೆಗೆ ಉತ್ತಮ, 100ರವರೆಗೆ ಸಮಾಧಾನಕರ, 200ರವರೆಗೆ ಮಧ್ಯಮ, 300ರವರೆಗೆ ಕಳಪೆ, 400ರವರೆಗೆ ಅತಿ ಕಳಪೆ, ಅದರಾಚೆ ತೀವ್ರ. ಎಂಟು ಮಾಲಿನ್ಯಕಾರಕಗಳ ಸರಾಸರಿ ಇದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ ಉಪಸೂಚ್ಯಂಕ ಕಟ್ಟಿ, ಅವುಗಳಲ್ಲಿ ಅತಿ ಕೆಟ್ಟದ್ದನ್ನೇ ಊರಿನ ಸೂಚ್ಯಂಕವೆಂದು ತೋರಿಸುತ್ತಾರೆ. ಇನ್ನೊಂದು ಮಾತು ಹೆಚ್ಚು ಮುಖ್ಯವಾದದ್ದು. ಕಣಗಳ ವಿಷಯದಲ್ಲಿ ಈ ಸಂಖ್ಯೆ 24 ಗಂಟೆಗಳ ಸರಾಸರಿ. ಒಂದು ಮನೆಯಂಗಳದಲ್ಲಿ ಸಂಜೆ ನಾಲ್ಕು ಗಂಟೆ ಕಾಲ ಪಿಎಂ 2.5 ಘನ ಮೀಟರ್‌ಗೆ 300 ಮೈಕ್ರೋಗ್ರಾಂ ಇದ್ದು, ಉಳಿದ ಇಪ್ಪತ್ತು ಗಂಟೆ 30 ಇದ್ದಿತೆಂದು ಭಾವಿಸಿ. ದಿನದ ಸರಾಸರಿ 75 ಆಗುತ್ತದೆ, ಅಂದರೆ 'ಮಧ್ಯಮ'. ಆ ನಾಲ್ಕು ಗಂಟೆ ಒಲೆಯ ಮುಂದೆ ಕುಳಿತವರು ಉಸಿರಾಡಿದ್ದು ಮಧ್ಯಮ ಗಾಳಿಯನ್ನಲ್ಲ.

ಮಾನದಂಡವೂ ಒಂದೇ ಅಲ್ಲ. 2009ರ ನಮ್ಮ ರಾಷ್ಟ್ರೀಯ ಮಾನದಂಡವು ಪಿಎಂ 2.5ರ ವಾರ್ಷಿಕ ಸರಾಸರಿಯನ್ನು 40 ಮೈಕ್ರೋಗ್ರಾಂವರೆಗೆ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ 5ಕ್ಕೇ ನಿಲ್ಲುತ್ತದೆ. ಸೂಚ್ಯಂಕ 'ಸಮಾಧಾನಕರ' ಎಂದಾಗ ಆ ಸಮಾಧಾನ ಯಾರದೆಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಇಷ್ಟು ತಿಳಿದ ಮೇಲೆ ನಮ್ಮ ನಾಲ್ಕು ತಾಲ್ಲೂಕುಗಳತ್ತ ನೋಡೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಆಗ ಹೊನ್ನಾಳಿಯ ಭಾಗ. ಆಡಳಿತಕ್ಕೆ ಜಿಲ್ಲೆ ಒಂದಾದರೂ ಗಾಳಿಗೆ ಒಂದಾಗಲಿಲ್ಲ. ಭದ್ರಾ ನಾಲೆಯ ಭತ್ತದ ಗದ್ದೆ, ಸೂಳೆಕೆರೆಯ ಸುತ್ತಿನ ಅಡಿಕೆ ತೋಟ, ಜಗಳೂರಿನ ಮಳೆಯಾಶ್ರಿತ ಹೊಲ ಇವು ಮೂರು ಬೇರೆ ಲೋಕಗಳು. ನ್ಯಾಮತಿಯವರಿಗೆ ದಾವಣಗೆರೆಗಿಂತ ಶಿವಮೊಗ್ಗವೇ ಸಮೀಪ. ದೇವರಾಜ ಅರಸು ಬಡಾವಣೆಯ ಮಾಪಕವು ಆ ಬಡಾವಣೆಯ ಗಾಳಿಯನ್ನು ನಿಷ್ಠೆಯಿಂದ ಅಳೆಯುತ್ತದೆ. ಹತ್ತಾರು ಮೈಲಿಯಾಚೆ ಜಗಳೂರಿನ ಮೆಕ್ಕೆಜೋಳದ ಕಣದಲ್ಲಿ ಏಳುವ ಧೂಳನ್ನು ಅದು ಅಳೆಯಲಾರದು.

ಜಗಳೂರಿನ ಕಷ್ಟ ಮುಖ್ಯವಾಗಿ ಧೂಳಿನದು. ಬೇಸಿಗೆಯ ಬಿರುಗಾಳಿಯಲ್ಲಿ ಹೊಲದ ಮಣ್ಣೇ ಎದ್ದು ಬರುತ್ತದೆ. ಕೊಯ್ಲಿನ ಕಾಲದಲ್ಲಿ ರಾಶಿ ಯಂತ್ರದ ಬಾಯಿಯ ಬಳಿ ನಿಂತು ತೆನೆ ಒಡ್ಡುವವರು, ಹೊಟ್ಟು ತೂರುವವರು ತಲೆಯಿಂದ ಕಾಲಿನವರೆಗೆ ಬಿಳಿಚಿ ಮನೆಗೆ ಬರುತ್ತಾರೆ. ಧಾನ್ಯದ ಧೂಳಿನಲ್ಲಿ ಮಣ್ಣಿನೊಡನೆ ಬೂಷ್ಟಿನ ಬೀಜಾಣುಗಳೂ ಇರುವುದರಿಂದ ಅಸ್ತಮಾ ಇರುವವರು ಆ ಯಂತ್ರದಿಂದ ದೂರವಿರಬೇಕು. ಹೊನ್ನಾಳಿ, ನ್ಯಾಮತಿಗಳಲ್ಲಿ ಕೊಯ್ಲು ಯಂತ್ರ ಗದ್ದೆಯಲ್ಲಿ ಬಿಟ್ಟುಹೋದ ಭತ್ತದ ಕೂಳೆಗೆ ಬೆಂಕಿಯಿಡುವ ಅಭ್ಯಾಸ ಕಾಣುತ್ತದೆ. ಕೈಕೊಯ್ಲಿನ ಕಾಲದಲ್ಲಿ ಹುಲ್ಲು ಬಣವೆಗೆ ಹೋಗುತ್ತಿತ್ತು, ದನ ತಿನ್ನುತ್ತಿದ್ದವು.

ಚನ್ನಗಿರಿಯ ಕೆಂಪಡಿಕೆಯ ಮಾತು ಸ್ವಲ್ಪ ವಿಸ್ತಾರವಾಗಿಯೇ ಆಡಬೇಕಾದದ್ದು. ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಚೊಗರಿನೊಡನೆ ಬೇಯಿಸಬೇಕು. ಹಂಗಾಮು ಬಂದಿತೆಂದರೆ ಖೇಣಿದಾರರ ಅಂಗಳಗಳಲ್ಲಿ ಒಲೆ ಆರುವುದು ಅಪರೂಪ. ಸೌದೆ ಹಸಿಯಾಗಿದ್ದರೆ ಉರಿಗಿಂತ ಹೊಗೆಯೇ ಹೆಚ್ಚು. ಹಂಡೆ ತಿರುವುವವರು, ಸೌದೆ ನೂಕುವವರು ಆ ಹೊಗೆಯಲ್ಲಿಯೇ ರಾತ್ರಿ ಕಳೆಯುತ್ತಾರೆ. ಸುಲಿಯಲು ಬಂದ ತಾಯಂದಿರ ಮಕ್ಕಳು ಪಕ್ಕದಲ್ಲಿಯೇ ಮಲಗಿರುತ್ತವೆ. ಇನ್ನು ಸಿಪ್ಪೆ. ಅದು ನಾರಿನ ಪದಾರ್ಥ, ಬೇಗ ಕೊಳೆಯದು. ಟ್ರ್ಯಾಕ್ಟರಿನಲ್ಲಿ ತುಂಬಿ ರಸ್ತೆಯ ಬದಿಗೆ ಸುರಿದು ಬೆಂಕಿ ತಾಗಿಸಿ ಹೋಗುವುದು ಎಲ್ಲಕ್ಕಿಂತ ಸುಲಭ. ಒದ್ದೆಯಾದ ಸಿಪ್ಪೆ ಜ್ವಾಲೆಯಾಗಿ ಉರಿಯದೆ ದಿನಗಟ್ಟಲೆ ಹೊಗೆಯಾಡುತ್ತದೆ, ಮತ್ತು ಹೀಗೆ ಕನಲುವ ಬೆಂಕಿಯೇ ಉರಿಯುವ ಬೆಂಕಿಗಿಂತ ಹೆಚ್ಚು ಕಣಗಳನ್ನೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನೂ ಬಿಡುತ್ತದೆ. ಬೀದಿಯಲ್ಲಿ ಕಸ ಎಸೆಯುವುದನ್ನೂ ಸುಡುವುದನ್ನೂ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿದವು. ನಿಯಮಕ್ಕಿಂತ ಮೊದಲು ನೆರೆಯವರ ಮೇಲಿನ ಮರ್ಯಾದೆ ಇದನ್ನು ನಿಷೇಧಿಸಬೇಕಾಗಿತ್ತು. ಸಗಣಿ ನೀರು ಹಾಕಿ ತೇವವಾಗಿಟ್ಟರೆ ಸಿಪ್ಪೆಯ ರಾಶಿ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ, ಹಾಗೆಯೇ ಮರದ ಬುಡಕ್ಕೆ ಹೊದಿಕೆಯಾಗಿಯೂ ಸಲ್ಲುತ್ತದೆ. ಕಾಯಕದಿಂದ ಬಂದ ಫಲವನ್ನು ಮನೆಗೆ ಒಯ್ದು ಅದರ ಹೊಗೆಯನ್ನು ಊರಿಗೆ ಬಿಡುವುದು ದಾಸೋಹವಂತೂ ಅಲ್ಲ.

ಹಾಗಾದರೆ ಯಂತ್ರವಿಲ್ಲದ ಊರಿನಲ್ಲಿ ಅಳೆಯುವುದು ಹೇಗೆ? 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನು ತಲೆಕೆಳಗು ಮಾಡಿದರು. ಅವರು ಅಳತೆಯ ಪುಟ್ಟ ಉಪಕರಣವನ್ನು ಊರಿನ ಮಾಳಿಗೆಯ ಮೇಲಿಡದೆ ಅಡುಗೆ ಮಾಡುವ ಹೆಂಗಸರ ಮೈಗೇ ತೊಡಿಸಿದರು. ಆಗ ದೊರೆತ ಅಂಕಿಗಳು ನಗರಗಳ ಕೊಳಕು ಗಾಳಿಯನ್ನೂ ಬಹಳ ಮೀರಿದ್ದವು. ಹೊಗೆ ಎಲ್ಲಿ ಹೊರಡುತ್ತದೆ ಎಂಬುದಕ್ಕಿಂತ ಯಾರ ಮೂಗಿನ ಮುಂದೆ ಹೊರಡುತ್ತದೆ ಎಂಬುದು ಆರೋಗ್ಯಕ್ಕೆ ಮುಖ್ಯ ಎಂಬ ತಿಳಿವು ಆಗ ಬಲವಾಯಿತು.

ಇದಕ್ಕಿಂತಲೂ ಹತ್ತಿರದ, ಯಂತ್ರವೇ ಬೇಡದ ಒಂದು ಅಳತೆಯನ್ನು ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ನಮಗೆ ಕೊಟ್ಟಿದ್ದಾರೆ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಕುರಿತು ಅವರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸೌದೆ, ಬೆರಣಿ, ಕಡ್ಡಿಗಳ ಒಲೆಯ ಮುಂದೆ ದಿನಕ್ಕೆ ಸರಾಸರಿ ಎಷ್ಟು ಗಂಟೆ ಕಳೆದಿರಿ, ಹಾಗೆ ಎಷ್ಟು ವರ್ಷ ಕಳೆದಿರಿ ಎಂಬ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವುದೇ ಹೊಗೆಯ ಸೂಚ್ಯಂಕ. ಅದು 60 ಮುಟ್ಟಿದ ಮೇಲೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಸ್ಪಷ್ಟವಾಗಿ ಹೆಚ್ಚುತ್ತದೆಂದು ಅವರು ಕಂಡರು. ವರ್ಷದಲ್ಲಿ ಮೂರು ತಿಂಗಳಾದರೂ ಬಹುತೇಕ ದಿನ ಕಫ ಸಹಿತ ಕೆಮ್ಮು ಇದ್ದು, ಸತತ ಎರಡು ವರ್ಷ ಹಾಗೆ ನಡೆದರೆ ವೈದ್ಯರು ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎನ್ನುತ್ತಾರೆ.

ಈಗ ನಮ್ಮ ಮನೆಯ ಲೆಕ್ಕ ಮಾಡೋಣ. ಹದಿನೆಂಟನೆಯ ವಯಸ್ಸಿಗೆ ಮದುವೆಯಾಗಿ ಬಂದ ತಾಯಿಯೊಬ್ಬರು ದಿನಕ್ಕೆ ಮೂರು ಗಂಟೆ ಒಲೆಯ ಮುಂದೆ ಇದ್ದರೆ ಇಪ್ಪತ್ತು ವರ್ಷಕ್ಕೆ 60 ತುಂಬುತ್ತದೆ. ಆಗ ಅವರಿಗೆ ಇನ್ನೂ ಮೂವತ್ತೆಂಟು. ದೊಡ್ಡ ಮನೆಯ ಹಿರಿಯ ಸೊಸೆ ದಿನಕ್ಕೆ ಐದು ಗಂಟೆ ರೊಟ್ಟಿ ಬಡಿದವರಾದರೆ ಹನ್ನೆರಡೇ ವರ್ಷ ಸಾಕು. ನಮ್ಮ ಮನೆಗಳಲ್ಲಿ ಅರವತ್ತು ದಾಟಿದ ಎಷ್ಟು ಮಂದಿ ಅಜ್ಜಿಯರ ಲೆಕ್ಕ ನೂರೈವತ್ತನ್ನು ಮುಟ್ಟುವುದಿಲ್ಲ? ಅವರ ಕೆಮ್ಮನ್ನು ನಾವು ವಯಸ್ಸಿನ ಕೆಮ್ಮು ಎಂದು ಕರೆದು ಕಷಾಯ ಕೊಟ್ಟು ಸುಮ್ಮನಾಗಿದ್ದೇವೆ. ಬೀಡಿ ಮುಟ್ಟದ ಹೆಂಗಸಿಗೆ ಶ್ವಾಸಕೋಶದ ರೋಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಅಡುಗೆಮನೆಯ ಕಪ್ಪು ಗೋಡೆಯಲ್ಲಿದೆ. ಈ ಲೆಕ್ಕ ರೋಗನಿರ್ಣಯವಲ್ಲ; 60 ದಾಟಿದವರೆಲ್ಲ ರೋಗಿಗಳಲ್ಲ, ಅದರ ಕೆಳಗಿರುವವರೆಲ್ಲ ಸುರಕ್ಷಿತರೂ ಅಲ್ಲ. ಯಾರನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕೆಂಬುದನ್ನು ಅದು ಹೇಳುತ್ತದೆ. ಅಡಿಕೆ ಒಲೆಯ ಗಂಟೆಗಳನ್ನೂ ಇದಕ್ಕೆ ಕೂಡಿಸಿಕೊಳ್ಳಬೇಕೆಂಬುದು ನಮ್ಮ ವಿಚಾರ, ಅಧ್ಯಯನದ ಮಾತಲ್ಲ.

ನಮ್ಮ ಮನೆಗೆ ಗ್ಯಾಸ್ ಬಂದಿದೆ, ಈ ಮಾತು ನಮಗಲ್ಲ ಎನ್ನುವವರು ಬಚ್ಚಲುಮನೆಗೆ ಹೋಗಿ ನೋಡಬೇಕು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ನಂತರ ಹಳ್ಳಿಗಳಲ್ಲಿ ಗ್ಯಾಸ್ ಒಲೆ ಹೆಚ್ಚಾಗಿದೆ, ನಿಜ. ಆದರೆ ಅನ್ನ ಸಾರು ಗ್ಯಾಸಿನ ಮೇಲೆ, ರೊಟ್ಟಿಯೂ ಸ್ನಾನದ ನೀರೂ ಸೌದೆಯ ಮೇಲೆ ಎಂಬುದು ಅನೇಕ ಮನೆಗಳ ಕ್ರಮ. ಬಚ್ಚಲೊಲೆಗೆ ಮನೆಯಲ್ಲಿ ಯಾವ ಮರ್ಯಾದೆಯೂ ಇಲ್ಲ. ತೆಂಗಿನ ಗರಿ, ಹಳೆಯ ಚಪ್ಪಲಿ, ಹಾಲಿನ ಪ್ಯಾಕೆಟ್ಟು, ಏನು ಸಿಕ್ಕಿದರೂ ಅದರ ಬಾಯಿಗೆ. ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್‌ನಂತಹ ವಿಷಗಳು ಹುಟ್ಟುತ್ತವೆ, ಮತ್ತು ಆ ಹೊಗೆಯಲ್ಲಿ ಮೊದಲು ಸ್ನಾನಕ್ಕೆ ನಿಲ್ಲುವುದು ಶಾಲೆಗೆ ಹೊರಟ ಮಗು. ಬೇರೇನೂ ಸಾಧ್ಯವಿಲ್ಲದಿದ್ದರೆ ಇದೊಂದನ್ನಾದರೂ ಇಂದೇ ನಿಲ್ಲಿಸಬಹುದು.

ಸೌದೆಯನ್ನು ಬಿಡಲಾಗದವರಿಗೆ ಒಲೆಯನ್ನು ಸುಧಾರಿಸುವ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಬಂದ ಅಸ್ತ್ರ ಒಲೆಯನ್ನು ನಮ್ಮ ಹಿರಿಯ ಓದುಗರು ಬಲ್ಲರು. ಮೂರು ಪಾತ್ರೆ ಕೂರುವ, ಮುಚ್ಚಿದ ಉರಿಗೂಡಿನ, ಹೊಗೆಕೊಳವೆಯುಳ್ಳ ಒಲೆ ಅದು. ಅನೇಕ ಮನೆಗಳಲ್ಲಿ ಅದು ಕೆಟ್ಟುಹೋದದ್ದು ಕೊಳವೆಯ ಮಸಿಯನ್ನು ಯಾರೂ ತೆಗೆಯದೆ ಕಟ್ಟಿಕೊಂಡದ್ದರಿಂದ. ಒಣಗಿದ ಸೌದೆ, ಮಾಡಿನಿಂದ ಮೇಲೆದ್ದ ಕೊಳವೆ, ತಿಂಗಳಿಗೊಮ್ಮೆ ಮಸಿ ಕೀಳುವುದು: ಅಡಿಕೆ ಒಲೆಗೂ ಇಷ್ಟೇ ಬೇಕಾದದ್ದು. ಮಠಮಾನ್ಯಗಳ ದಾಸೋಹದ ಅಡುಗೆಮನೆಗಳೂ ಇದಕ್ಕೆ ಹೊರತಲ್ಲವೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಜಾತ್ರೆಯ ದಿನಗಳಲ್ಲಿ ಸಾವಿರಾರು ಜನಕ್ಕೆ ಬೇಯಿಸುವ ಕೊಪ್ಪರಿಗೆಗಳ ಮುಂದೆ ನಿಲ್ಲುವವರ ಲೆಕ್ಕ ಯಾರ ಪುಸ್ತಕದಲ್ಲಿಯೂ ಇಲ್ಲ. ಪೂಜೆಯ ಕೋಣೆಯ ವಿಷಯವೂ ಅಷ್ಟೇ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅಗರಬತ್ತಿ, ಕರ್ಪೂರ, ಧೂಪ ಮೂರನ್ನೂ ಹಚ್ಚಿದರೆ ಸೂಕ್ಷ್ಮಕಣಗಳು ಬೇಗನೆ ಏರುತ್ತವೆ. ದಮ್ಮಿನವರಿರುವ ಮನೆಯಲ್ಲಿ ವಿಭೂತಿ, ಪತ್ರೆ, ಹೂಗಳಿಂದ ನಡೆವ ಪೂಜೆಗೆ ಯಾವ ಕೊರತೆಯೂ ಬಾರದು.

ಕೆಲವು ಸಾವಿರ ರೂಪಾಯಿಗೆ ದೊರೆಯುವ ಪುಟ್ಟ ಮಾಪಕಗಳ ಬಗ್ಗೆ ಒಂದು ಮಾತು. ಇವು ಲೇಸರ್ ಬೆಳಕನ್ನು ಹಾಯಿಸಿ, ಕಣಗಳಿಂದ ಚದುರಿದ ಬೆಳಕಿನಿಂದ ಪ್ರಮಾಣವನ್ನು ಊಹಿಸುತ್ತವೆ. ಮಂಜು ಬಿದ್ದಾಗ, ತೇವ ಹೆಚ್ಚಿದಾಗ ನೀರಿನ ಹನಿಯನ್ನೂ ಕಣವೆಂದು ಎಣಿಸಿ ಹೆಚ್ಚಾಗಿ ತೋರಿಸುತ್ತವೆ. ಆದ್ದರಿಂದ ಒಂದು ದಿನದ ಒಂದು ಅಂಕಿಯನ್ನು ಹಿಡಿದು ಗಾಬರಿಯಾಗಬಾರದು, ನೆರೆಯವರೊಡನೆ ಜಗಳಕ್ಕೂ ಹೋಗಬಾರದು. ಆದರೆ ಹೋಲಿಕೆಗೆ ಇವು ಬಹಳ ಉಪಯುಕ್ತ: ಒಲೆ ಹಚ್ಚುವ ಮುನ್ನ ಎಷ್ಟಿತ್ತು, ಹಚ್ಚಿದ ಮೇಲೆ ಎಷ್ಟಾಯಿತು, ಕಿಟಕಿ ತೆರೆದರೆ ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನು ಕಣ್ಣಾರೆ ಕಾಣಬಹುದು. ಒಂದು ಶಾಲೆ ಒಂದು ಮಾಪಕವನ್ನು ಕೊಂಡು, ಕುಳಿತ ಮನುಷ್ಯನ ಮುಖದ ಎತ್ತರದಲ್ಲಿಟ್ಟು, ಮಕ್ಕಳಿಂದ ದಿನಕ್ಕೆ ಮೂರು ಹೊತ್ತಿನ ಅಂಕಿಯನ್ನೂ ಆಗ ಊರಿನಲ್ಲಿ ಏನು ಉರಿಯುತ್ತಿತ್ತೆಂಬುದನ್ನೂ ಪುಸ್ತಕದಲ್ಲಿ ಬರೆಸಿದರೆ, ಗ್ರಾಮ ಪಂಚಾಯಿತಿಯ ಮುಂದಿಡಲು ಅದಕ್ಕಿಂತ ಒಳ್ಳೆಯ ಮನವಿ ಬೇರಿಲ್ಲ. ಮಾಪಕ ಕೊಳ್ಳಲಾಗದ ಶಾಲೆಯಲ್ಲಿ ಬಿಳಿಯ ರಟ್ಟಿಗೆ ವ್ಯಾಸಲೀನ್ ಸವರಿ ಬೇರೆ ಬೇರೆ ಕಡೆ ತೂಗುಹಾಕಿ, ವಾರದ ನಂತರ ಅವುಗಳ ಬಣ್ಣವನ್ನು ಹೋಲಿಸಬಹುದು. ಅದರಲ್ಲಿ ಸಿಗುವುದು ದಪ್ಪ ಧೂಳು ಮಾತ್ರ, ಸೂಕ್ಷ್ಮಕಣವಲ್ಲ ಎಂಬುದನ್ನು ಮಕ್ಕಳಿಗೆ ತಿಳಿಸಿರಬೇಕು. ಮುಖಕ್ಕೆ ಸುತ್ತಿದ ಟವೆಲ್ಲು, ಸೆರಗುಗಳೂ ಅಷ್ಟೇ. ಧೂಳನ್ನು ಕೊಂಚ ತಡೆದಾವು, ಹೊಗೆಯನ್ನು ತಡೆಯಲಾರವು. ರಾಶಿ ಯಂತ್ರದ ಬಳಿಯೂ ಅಡಿಕೆ ಒಲೆಯ ಬಳಿಯೂ ದುಡಿಯುವವರಿಗೆ ಮೂಗಿಗೆ ಬಿಗಿಯಾಗಿ ಕೂರುವ ಎನ್ 95 ಮುಖಗವಸೇ ಬೇಕು, ಮತ್ತು ಅದನ್ನು ಕೊಡಿಸುವ ಹೊಣೆ ಕೆಲಸಕ್ಕೆ ಕರೆದವರದು.

ಚಳಿಗಾಲ ಮುಗಿಯುವವರೆಗೆ ಹೃದ್ರೋಗ, ಅಸ್ತಮಾ ಉಳ್ಳವರು ನಸುಕಿನ ವಾಯುಸೇವನೆಯನ್ನು ಬಿಸಿಲೇರಿದ ಮೇಲಕ್ಕೆ ಮುಂದೂಡಲಿ. ಎರಡು ವಾರ ಮೀರಿದ ಕೆಮ್ಮು, ಮೆಟ್ಟಿಲೇರುವಾಗ ಹಿಂದಿಲ್ಲದ ಏದುಸಿರು, ರಾತ್ರಿ ಎದೆಯಲ್ಲಿ ಸಿಳ್ಳೆಯ ಸದ್ದು ಇದ್ದವರು ಕಾಯಬಾರದು. ಕೆಮ್ಮಿಗೆ ಮೊದಲು ಕ್ಷಯದ ಪರೀಕ್ಷೆಯಾಗಲಿ. ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅನಂತರ ಸ್ಪೈರೋಮೆಟ್ರಿ ಎಂಬ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಕೊಳವೆಯೊಂದಕ್ಕೆ ಬಲವಾಗಿ ಊದಿದರೆ ಶ್ವಾಸನಾಳ ಎಷ್ಟು ಕಿರಿದಾಗಿದೆಯೆಂದು ಯಂತ್ರ ತೋರಿಸುತ್ತದೆ, ಸೂಜಿಯಿಲ್ಲ, ನೋವಿಲ್ಲ. ವೈದ್ಯರು ಹೆಂಗಸರನ್ನು ಬೀಡಿ ಸಿಗರೇಟಿನ ಬಗ್ಗೆ ಕೇಳುವುದಿಲ್ಲ, ಒಲೆಯ ಬಗ್ಗೆ ಕೇಳಲು ಮರೆಯುತ್ತಾರೆ. ಆದುದರಿಂದ ಮನೆಯ ತಾಯಂದಿರನ್ನು ಕರೆದೊಯ್ಯುವ ಮಕ್ಕಳು ದಿನಕ್ಕೆ ಇಷ್ಟು ಗಂಟೆ, ಇಷ್ಟು ವರ್ಷ, ಒಟ್ಟು ಇಷ್ಟು ಎಂದು ಮೊದಲೇ ಲೆಕ್ಕ ಮಾಡಿ, ಚೀಟಿಯಲ್ಲಿ ಬರೆದು, ಹಳೆಯ ಔಷಧಿಗಳ ಜೊತೆಗೆ ಅದನ್ನೂ ವೈದ್ಯರ ಮೇಜಿನ ಮೇಲಿಡಲಿ.